ಮರಿಕೋಸಿನ ಕಹಿ ಎಲ್ಲಿಗೆ ಹೋಯ್ತು?

ಎಲೆಕೋಸು ಬೆಳೆದವರಿಗೆಲ್ಲ ಇದು ಗೊತ್ತಿರುತ್ತೆ. ಕೋಸು ಕೊಯ್ದ ಮೇಲೆ ಬುಡ ಕೀಳದೆ ಎರಡು ಸಲ ನೀರು ಹಾಯಿಸಿದರೆ, ಉಳಿದ ಕಾಂಡದ ಪಕ್ಕದಲ್ಲಿ ನಾಲ್ಕೈದು ಪುಟ್ಟ ಪುಟ್ಟ ಕೋಸು ಹುಟ್ಟಿಕೊಳ್ಳುತ್ತವೆ. ನಾನಂತೂ ಅದನ್ನ ದನಕ್ಕೆ ಹಾಕ್ತೀನಿ. ಯುರೋಪಿನ ರೈತರು ಗಿಡದ ಈ ಗುಣವನ್ನೇ ಹಿಡಿದುಕೊಂಡು, ತಲೆಮಾರುಗಟ್ಟಲೆ ಬೀಜ ಆರಿಸಿ ಆರಿಸಿ, ಒಂದು ಬೇರೆ ಬೆಳೆಯನ್ನೇ ಮಾಡಿಕೊಂಡರು. ಅದೇ ಬ್ರಸೆಲ್ಸ್ ಸ್ಪ್ರೌಟ್ಸ್. ಸ್ಪ್ರೌಟ್ಸ್ ಅಂದ ತಕ್ಷಣ ಮೊಳಕೆ ಕಾಳು ಅಂದ್ಕೋಬೇಡಿ. ಇದು ನಿಂಬೆಹಣ್ಣಿನ ಗಾತ್ರಕ್ಕಿಂತ ಚಿಕ್ಕದಾದ ಕೋಸು. ಸೊಂಟದೆತ್ತರದ ಒಂದೇ ಕಾಂಡದ ಸುತ್ತ, ಪ್ರತಿ ಎಲೆಯ ಕಂಕುಳಲ್ಲಿ ಒಂದರಂತೆ, ಬುಡದಿಂದ ತುದಿಯವರೆಗೆ ಹತ್ತಿಕೊಂಡಿರುತ್ತೆ.

ಕನ್ನಡದಲ್ಲಿ ನಾವು ಇಟ್ಟಿರೋ ಹೆಸರು ನೋಡಿದರೇ ಈ ಕುಟುಂಬದ ಕಥೆ ಅರ್ಧ ತಿಳಿಯುತ್ತೆ. ಎಲೆ ಉಬ್ಬಿದರೆ ಎಲೆಕೋಸು, ಹೂ ಉಬ್ಬಿದರೆ ಹೂಕೋಸು, ಕಾಂಡ ಉಬ್ಬಿದರೆ ಗೆಡ್ಡೆಕೋಸು, ಅಂದರೆ ನವಿಲುಕೋಸು. ಸಸ್ಯಶಾಸ್ತ್ರದವರ ಲೆಕ್ಕದಲ್ಲೂ ಇವೆಲ್ಲ ಒಂದೇ ಜಾತಿ, ಬ್ರಾಸಿಕಾ ಒಲೆರೇಸಿಯಾ. ಅದೇ ಜಾಡಿನಲ್ಲಿ ಇದನ್ನ ಮರಿಕೋಸು ಅಂತ ಕರೆಯೋಣ.

ಬ್ರಸೆಲ್ಸ್ ಅನ್ನೋದು ಇವತ್ತಿನ ಬೆಲ್ಜಿಯಂ ದೇಶದ ರಾಜಧಾನಿ. ಅದರ ಸುತ್ತಮುತ್ತಲ ತರಕಾರಿ ತೋಟಗಳಲ್ಲಿ ಬೆಳೆದು ಹೆಸರು ಮಾಡಿದ್ದಕ್ಕೆ ಈ ಕೋಸಿಗೆ ಊರಿನ ಹೆಸರೇ ಅಂಟಿಕೊಂತು. ಆ ಊರಿನ ಸೇಂಟ್ ಜಿಲ್ ಅನ್ನೋ ಭಾಗದ ಜನರಿಗೆ ಈಗಲೂ 'ಕೋಸು ಕೊಯ್ಯೋರು' ಅಂತ ಅಡ್ಡಹೆಸರಿದೆ. ಈಗ ಅಲ್ಲಿ ಹೊಲ ಇಲ್ಲ, ಬರೀ ಕಟ್ಟಡ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1812ರಲ್ಲಿ ತಮ್ಮ ಮಾಂಟಿಸೆಲೊ ತೋಟದಲ್ಲಿ ಇದನ್ನ ಬಿತ್ತಿದ್ದರು. ಇಂಗ್ಲೆಂಡಿನಲ್ಲಿ ಎಲೈಜಾ ಆಕ್ಟನ್ ಅನ್ನೋ ಹೆಣ್ಣುಮಗಳು 1845ರಲ್ಲಿ ಬರೆದ ಅಡುಗೆ ಪುಸ್ತಕದ ಹೊತ್ತಿಗೆ ಇದು ಅಲ್ಲಿನ ಅಡುಗೆಮನೆ ಸೇರಿತ್ತು. ಆಮೇಲೆ ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಊಟ ಅಂದರೆ ತಟ್ಟೆಯ ಪಕ್ಕದಲ್ಲಿ ಮರಿಕೋಸು ಇರಲೇಬೇಕು ಅನ್ನೋವಷ್ಟು ರೂಢಿ ಆಯ್ತು.

ಕ್ರಿಸ್‌ಮಸ್‌ಗೇ ಯಾಕೆ ಅಂದರೆ ಅದು ಚಳಿಗಾಲದ ಬೆಳೆ. ಬಿಸಿಲು ಹೆಚ್ಚಾದರೆ ಮರಿಕೋಸು ಬಿಗಿಯಾಗಿ ಕಟ್ಟಲ್ಲ, ಎಲೆ ಬಿಚ್ಚಿಕೊಂಡು ಸಡಿಲ ಆಗುತ್ತೆ. ನಮ್ಮ ಬಯಲುಸೀಮೆಗೆ ಅದು ಒಗ್ಗದೇ ಇರೋದಕ್ಕೆ ಇದೇ ಕಾರಣ. ಅಲ್ಲಿ ಹಿಮ ಬಿದ್ದಾಗ ಗಿಡ ತನ್ನ ಜೀವ ಉಳಿಸಿಕೊಳ್ಳೋಕೆ ಒಳಗಿನ ಪಿಷ್ಟವನ್ನ ಸಕ್ಕರೆ ಮಾಡಿಕೊಳ್ಳುತ್ತೆ, ಹಾಗಾಗಿ ಹಿಮ ಬಿದ್ದ ಮೇಲೆ ಕೊಯ್ದ ಕೋಸು ಸಿಹಿ.

ಅದೇ ಚಳಿಗಾಲದಲ್ಲಿ ಯುರೋಪಿನ ರೈತರ ಮನೆಯಲ್ಲಿ ಇನ್ನೊಂದು ಕೆಲಸ ಇರ್ತಿತ್ತು. ವರ್ಷವಿಡೀ ಮುಸುರೆ ಹಾಕಿ ಸಾಕಿದ ಹಂದಿಯನ್ನ ನವೆಂಬರ್ ಡಿಸೆಂಬರ್‌ನಲ್ಲಿ ಕಡಿದು, ಮಾಂಸಕ್ಕೆ ಉಪ್ಪು ತಿಕ್ಕಿ, ಹೊಗೆ ಗೂಡಿನಲ್ಲಿ ತೂಗುಹಾಕೋರು. ನಮ್ಮ ಕೊಡಗಿನ ಕಡೆ ಒಲೆ ಮೇಲೆ ಹೊಗೆಗೆ ಕಟ್ಟಿ ಮಾಂಸ ಒಣಗಿಸ್ತಿದ್ದರಲ್ಲ, ಅದೇ ಬುದ್ಧಿ. ಹೀಗೆ ಹದ ಮಾಡಿದ ಹಂದಿ ಮಾಂಸವೇ ಬೇಕನ್. ಹಂದಿ ತಿನ್ನದವರು ಮುಂದೆ ಓದೋಕೆ ಮುಜುಗರ ಪಡಬೇಡಿ, ಇಲ್ಲಿ ನಾನು ಹೇಳಹೊರಟಿರೋದು ಬೀಜದ ವಿಷಯ. ಬೇಕನ್ ಅದಕ್ಕೆ ಜೊತೆಗಾರ ಅಷ್ಟೆ.

ಮಾಂಸ ಕೆಡದೆ, ಕೆಂಪು ಬಣ್ಣ ಮಾಸದೆ ಇರಲಿ ಅಂತ ಉಪ್ಪಿನ ಜೊತೆ ಒಂಚೂರು ಪೆಟ್ಲುಪ್ಪನ್ನೂ ಸೇರಿಸೋರು. ಮದ್ದಿನ ಪುಡಿಗೆ ಹಾಕೋ ಅದೇ ಪೆಟ್ಲುಪ್ಪು. 17, 18ನೇ ಶತಮಾನದಲ್ಲಿ ಯುರೋಪಿಗೆ ಅದು ಹಡಗುಗಟ್ಟಲೆ ಹೋಗ್ತಿದ್ದದ್ದು ನಮ್ಮ ಬಿಹಾರದ ಪಟ್ನಾ ಕಡೆಯಿಂದ. ಡಚ್ಚರು, ಇಂಗ್ಲಿಷರು ಅದಕ್ಕಾಗಿಯೇ ಅಲ್ಲಿ ಕೋಠಿ ಕಟ್ಟಿ ಕೂತಿದ್ದರು. ಅದರ ಬಹುಪಾಲು ತೋಪು ಬಂದೂಕಿಗೆ ಹೋಯ್ತು, ಸ್ವಲ್ಪ ಮಾಂಸದ ತೊಟ್ಟಿಗೂ ಬಿತ್ತು. ಹೀಗೆ ಹದ ಮಾಡಿದ ಮಾಂಸ ದಿನಾ ತಿನ್ನೋ ಪದಾರ್ಥ ಅಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಇಂಥ ಮಾಂಸವನ್ನ ಕ್ಯಾನ್ಸರ್ ತರೋ ಪದಾರ್ಥಗಳ ಸಾಲಿಗೆ ಸೇರಿಸಿದೆ.

ಚಳಿಗಾಲದಲ್ಲಿ ಹಿತ್ತಿಲಲ್ಲಿ ಮರಿಕೋಸು, ಗೂಡಿನಲ್ಲಿ ಬೇಕನ್. ಎರಡೂ ಒಂದೇ ಪಾತ್ರೆಗೆ ಬೀಳೋಕೆ ಯಾವ ಬಾಣಸಿಗನೂ ಬೇಕಿರಲಿಲ್ಲ. ಬ್ರಸೆಲ್ಸ್‌ನಲ್ಲಿ ಸ್ಟೂಂಪ್ ಅಂತ ಒಂದು ಅಡುಗೆ ಇದೆ. ಆಲೂಗಡ್ಡೆ ಬೇಯಿಸಿ, ಅದಕ್ಕೆ ತರಕಾರಿ ಸೇರಿಸಿ ಮಸೆದು, ಜೊತೆಗೆ ಕರಿದ ಬೇಕನ್ ಇಟ್ಟು ತಿನ್ನೋದು. ಮರಿಕೋಸಿನ ಸ್ಟೂಂಪ್ ಅಲ್ಲಿ ಮನೆಮನೆಯ ಊಟ.

ಹಾಗಾದರೆ ಇಷ್ಟು ಹಳೆಯ ಜೋಡಿಗೆ ಕೆಟ್ಟ ಹೆಸರು ಬಂದಿದ್ದು ಹೇಗೆ? ಯಾಕಂದ್ರೆ 20ನೇ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್, ಅಮೆರಿಕದ ಮಕ್ಕಳಿಗೆ ಮರಿಕೋಸು ಅಂದರೆ ನಮ್ಮ ಮಕ್ಕಳಿಗೆ ಹಾಗಲಕಾಯಿ ಇದ್ದ ಹಾಗೆ ಆಗಿತ್ತು.

ಮೊದಲ ತಪ್ಪು ಅಡುಗೆಮನೆಯದ್ದು. ಇಂಗ್ಲಿಷರು ಸೊಪ್ಪು ಕೋಸನ್ನೆಲ್ಲ ನೀರಿನಲ್ಲಿ ಕುದಿಸೋರು. 1861ರಲ್ಲಿ ಬಂದ ಮಿಸೆಸ್ ಬೀಟನ್ ಅವರ ಪುಸ್ತಕದಲ್ಲಿ, ಹಸಿರು ಮಾಸದಿರಲಿ ಅಂತ ನೀರಿಗೆ ಒಂಚೂರು ಸೋಡಾ ಹಾಕೋಕೂ ಹೇಳಿದೆ. ಕೋಸಿನಲ್ಲಿ ಗಂಧಕ ಸೇರಿದ ರಾಸಾಯನಿಕ ಇರುತ್ತೆ. ಹೆಚ್ಚು ಹೊತ್ತು ಕುದಿಸಿದಷ್ಟೂ ಅದು ಒಡೆದು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತೆ, ಕೋಸು ಮೆತ್ತಗಾಗುತ್ತೆ.

ಎರಡನೇದು ಹೊಲದ್ದು, ಬೀಜದ್ದು. ಇದನ್ನ ರೈತರಾದ ನಾವು ಗಮನ ಇಟ್ಟು ನೋಡಬೇಕು.

ಹಳೆಯ ತಳಿಗಳಲ್ಲಿ ಮರಿಕೋಸು ಬುಡದಿಂದ ಮೇಲಕ್ಕೆ ಒಂದೊಂದೇ ಹಂತವಾಗಿ ಬಲಿಯುತ್ತೆ. ಹಾಗಾಗಿ ಬಗ್ಗಿ ಬಗ್ಗಿ, ಐದಾರು ಸಲ ಕೈಯಲ್ಲೇ ಬಿಡಿಸಬೇಕು. ಆ ಚಳಿಯಲ್ಲಿ ಕೂಲಿಯವರಿಗೆ ಅದೆಷ್ಟು ಕಷ್ಟ ಅಂತ ಊಹಿಸಿ. ಮಹಾಯುದ್ಧದ ನಂತರ ಕೂಲಿ ದುಬಾರಿ ಆಯ್ತು. ಕ್ಯಾಲಿಫೋರ್ನಿಯದ ಸಾಂಟಾ ಕ್ರೂಜ್ ಕಡೆಯ ಕಡಲತೀರದಲ್ಲಿ 1920ರ ದಶಕದಿಂದ ಬೆಳೆಯುತ್ತಿದ್ದ ಕೋಸಿನ ದೊಡ್ಡ ಪಾಲು ಫ್ರೀಜ್ ಮಾಡೋ ಕಾರ್ಖಾನೆಗಳಿಗೆ ಹೋಗ್ತಿತ್ತು. ಕಾರ್ಖಾನೆಗೆ ಎಲ್ಲ ಒಂದೇ ಗಾತ್ರ ಬೇಕು. ಯಂತ್ರಕ್ಕೆ ಇಡೀ ಕಾಂಡ ಒಂದೇ ಸಲಕ್ಕೆ ಬಲಿತಿರಬೇಕು. ನಾವು ತೊಗರಿ ಕುಡಿ ಚಿವುಟೋ ಹಾಗೆ ಅವರೂ ಗಿಡದ ತುದಿ ಮುರಿದು, ಎಲ್ಲ ಕೋಸೂ ಒಟ್ಟಿಗೆ ಬಲಿಯೋ ಹಾಗೆ ಮಾಡ್ತಾರೆ. ಅದರ ಜೊತೆಗೆ ಹೈಬ್ರಿಡ್ ಬೀಜ ಬಂತು. ತಳಿ ಮಾಡೋರ ಪಟ್ಟಿಯಲ್ಲಿ ಇಳುವರಿ ಇತ್ತು, ಒಂದೇ ಅಳತೆ ಇತ್ತು, ರೋಗ ತಡೆಯೋ ಶಕ್ತಿ ಇತ್ತು. ರುಚಿ ಎಷ್ಟು ಅಂತ ಯಾರೂ ಕೇಳಲಿಲ್ಲ. ತಳಿ ಕಹಿಯಾಗಿದ್ದರೂ ತೂಕದ ಯಂತ್ರಕ್ಕೆ ಅದು ಗೊತ್ತಾಗಲ್ಲ. ಗೊತ್ತಾಗಿದ್ದು ತಿನ್ನೋರಿಗೆ.

1990ರ ದಶಕದಲ್ಲಿ ನೆದರ್ಲೆಂಡ್ಸಿನಲ್ಲಿ, ಒಂದು ಬೀಜ ಕಂಪನಿಯಲ್ಲಿದ್ದ ಹಾನ್ಸ್ ವಾನ್ ಡೋರ್ನ್ ಅನ್ನೋ ವಿಜ್ಞಾನಿ ಈ ಕಹಿಯ ಬೆನ್ನು ಹತ್ತಿದರು. ಸಿನಿಗ್ರಿನ್, ಪ್ರೋಗಾಯ್ಟ್ರಿನ್ ಅನ್ನೋ ಎರಡು ಪದಾರ್ಥಗಳೇ ಇದಕ್ಕೆ ಮುಖ್ಯ ಕಾರಣ ಅಂತ ಅವರ ತಂಡ 1998ರಲ್ಲಿ ಪ್ರಕಟಿಸಿತು. ಸಿನಿಗ್ರಿನ್ ನಮಗೆ ಹೊಸದಲ್ಲ. ಸಾಸಿವೆ ಅರೆದಾಗ ಮೂಗಿಗೆ ಹೊಡೆಯೋ ಘಾಟು ಅದರಿಂದಲೇ ಬರೋದು. ಗಿಡಕ್ಕೆ ಅದು ಹುಳದಿಂದ ಕಾಪಾಡಿಕೊಳ್ಳೋ ಆಯುಧ. ಆದರೆ ಕೋಸು ಬೆಳೆಯೋರ ಶತ್ರು ಡೈಮಂಡ್ ಬ್ಯಾಕ್ ಚಿಟ್ಟೆ ಆ ಘಾಟಿನ ಜಾಡು ಹಿಡಿದೇ ಬಂದು ಮೊಟ್ಟೆ ಇಡುತ್ತೆ!

ಕಾರಣ ಸಿಕ್ಕ ಮೇಲೆ ಪರಿಹಾರ ಎಲ್ಲಿ ಸಿಕ್ಕಿತು ಅನ್ನೋದು ನನಗೆ ದೊಡ್ಡ ಪಾಠ. ಬೀಜ ಕಂಪನಿಗಳು ತಮ್ಮ ಉಗ್ರಾಣಗಳಲ್ಲಿ ಇಟ್ಟಿದ್ದ ಹಳೇ ತಳಿಗಳನ್ನ ಹೊರಗೆ ತೆಗೆದವು. ಇಳುವರಿ ಸಾಲದು, ಯಂತ್ರಕ್ಕೆ ಆಗಲ್ಲ ಅಂತ ಹೊಲದಿಂದ ಮರೆಯಾಗಿದ್ದ ತಳಿಗಳು. ಅವನ್ನ ಮತ್ತೆ ಬಿತ್ತಿ, ಕಹಿ ಕಡಿಮೆ ಇರೋವನ್ನ ಹುಡುಕಿ, ಹೆಚ್ಚು ಇಳುವರಿಯ ಹೊಸ ತಳಿಗಳ ಜೊತೆ ಅಡ್ಡಹಾಯಿಸಿದವು. ವರ್ಷಗಟ್ಟಲೆ ಹಿಡಿಯಿತು. ಆದರೆ ಹೊಸ ಶತಮಾನ ಶುರುವಾದ ಮೇಲೆ ಮಾರುಕಟ್ಟೆಗೆ ಬಂದ ಮರಿಕೋಸು, ಹಿಂದಿನವರು ಬಾಲ್ಯದಲ್ಲಿ ಉಗುಳಿದ ಮರಿಕೋಸು ಆಗಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಅಡುಗೆಮನೆಯೂ ಬದಲಾಯ್ತು. 2004ರಲ್ಲಿ ಡೇವಿಡ್ ಚಾಂಗ್ ಅನ್ನೋ ಬಾಣಸಿಗ ನ್ಯೂಯಾರ್ಕಿನಲ್ಲಿ ಮೊಮೊಫುಕು ಅನ್ನೋ ಹೋಟೆಲ್ ತೆರೆದರು. ಅಲ್ಲಿ ಬೇಕನ್ ತುಂಡು ಕರಿದು, ಬಿಟ್ಟ ಕೊಬ್ಬಿನಲ್ಲೇ ಮರಿಕೋಸನ್ನ ಕೆಂಪಗೆ ಹುರಿದು, ಓವನ್ನಿಗೆ ಇಟ್ಟು, ಕೊರಿಯಾದ ಕಿಮ್ಚಿ ಜೊತೆ ಕೊಡ್ತಿದ್ದರು. ಆ ಕಾಲದ ಇನ್ನೂ ಹಲವು ಹೋಟೆಲ್‌ಗಳು ಇದೇ ದಾರಿ ಹಿಡಿದವು. ನೀರಿನಿಂದ ಬೆಂಕಿಗೆ ಬಂದ ಮರಿಕೋಸು, ತಟ್ಟೆಯ ಮೂಲೆಯಲ್ಲಿ ಕೂತಿದ್ದರೂ ಜನ ಕೇಳಿ ತರಿಸಿಕೊಳ್ಳೋ ಪದಾರ್ಥ ಆಯ್ತು.

ಮಾಡೋ ವಿಧಾನ ಸುಲಭ. ಕೋಸನ್ನ ಉದ್ದಕ್ಕೆ ಎರಡು ಹೋಳು ಮಾಡಿ, ಕೊಯ್ದ ಮುಖ ತಟ್ಟೆಗೆ ತಾಗೋ ಹಾಗೆ ಬಿಡಿಬಿಡಿಯಾಗಿ ಜೋಡಿಸಿ, ಬೇಕನ್ ಚೂರು ಉದುರಿಸಿ, 200ರಿಂದ 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 20–25 ನಿಮಿಷ ಇಡೋದು. ಒತ್ತೊತ್ತಾಗಿ ತುಂಬಿದರೆ ತಮ್ಮ ಹಬೆಯಲ್ಲೇ ಬೆಂದು ಮತ್ತೆ ಹಳೇ ವಾಸನೆ ಬರುತ್ತೆ. ಒಣ ಶಾಖದಲ್ಲಿ ಮೇಲಿನ ನೀರು ಆರಿ, ಕೋಸಿನ ಸಕ್ಕರೆ ಕೆಂಪಾಗಿ ಸಿಹಿ ಹೊಮ್ಮುತ್ತೆ. ಬೇಕನ್ನಿನ ಉಪ್ಪಿಗೂ ಕೆಲಸ ಇದೆ. ಉಪ್ಪು ನಾಲಿಗೆಯಲ್ಲಿ ಕಹಿಯನ್ನ ಅದುಮುತ್ತೆ ಅಂತ 1990ರ ದಶಕದಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಗಲಕಾಯಿ ಹೆಚ್ಚಿ ಉಪ್ಪು ಸವರಿ ಇಡೋ ನಮ್ಮ ಅಜ್ಜಿಯರಿಗೆ ಇದು ಕೈಗೇ ಗೊತ್ತಿತ್ತು. ಬೇಕನ್ ಬೇಡ ಅಂದ್ರೆ ಎಣ್ಣೆ, ಉಪ್ಪು ಸಾಕು.

ಈ ಕಥೆಯನ್ನ ಹೋಟೆಲಿನವರು ಹೇಳಿದರೆ ಪೂರ್ತಿ ಹೆಸರು ಬೇಕನ್ನಿಗೆ, ಬಾಣಸಿಗರಿಗೆ ಹೋಗುತ್ತೆ. ಬೆಂಕಿಯ ಪಾಲು ದೊಡ್ಡದೇ, ನಾನು ಇಲ್ಲ ಅನ್ನಲ್ಲ. ಆದರೆ ಕಹಿ ತಳಿಯನ್ನೇ ಹುರಿದಿದ್ದರೆ ಜನ ಒಂದು ಸಲ ತಿಂದು ಸುಮ್ಮನಾಗ್ತಿದ್ದರು. ಮತ್ತೆ ಮತ್ತೆ ಕೊಳ್ಳೋ ಹಾಗೆ ಮಾಡಿದ್ದು ಬೀಜ. ಆ ಬೀಜ ಉಳಿದಿದ್ದು, ನಾಳೆ ಉಪಯೋಗ ಇದೆಯೋ ಇಲ್ಲವೋ ಗೊತ್ತಿಲ್ಲದೆ ಒಬ್ಬರು ಡಬ್ಬಿಯಲ್ಲಿ ಚೀಟಿ ಅಂಟಿಸಿ ಎತ್ತಿಟ್ಟಿದ್ದರಿಂದ. ಇನ್ನೊಂದು ಮಾತೂ ಇದೆ. ಹೊಸ ಸಿಹಿ ತಳಿಗಳು ಹೆಚ್ಚಾಗಿ ಹೈಬ್ರಿಡ್. ರುಚಿ ವಾಪಸ್ ಬಂತು, ಬೀಜ ಮಾತ್ರ ರೈತನ ಮನೆಗೆ ವಾಪಸ್ ಬರಲಿಲ್ಲ. ಉಗ್ರಾಣದ ಬೀಗ ಯಾರ ಕೈಲಿತ್ತೋ, ಬೆಲೆ ಕಟ್ಟೋರೂ ಅವರೇ ಆದರು.

ನಮ್ಮಲ್ಲಿ ಉಡುಪಿ ಹತ್ತಿರದ ಮಟ್ಟು ಊರಿನವರು ತಮ್ಮ ಗುಳ್ಳ ಬದನೆಯನ್ನ ಕೈಬಿಡಲಿಲ್ಲ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ರುಚಿಗೆ ಹೆಸರಾದ ತಳಿ, ಬೆಳೆಯೋರ ಕೈಲೇ ಉಳಿಯಿತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ, ನಾವು ಉಳಿಸಿಕೊಂಡು ಬಂದ ತಳಿಯನ್ನ ನಮ್ಮ ಹೆಸರಿನಲ್ಲೇ ನೋಂದಾಯಿಸಬಹುದು. ಎಷ್ಟು ಜನ ರೈತರಿಗೆ ಇದು ಗೊತ್ತು?

ಈ ಸಲ ಹೊಸ ಬೀಜ ತರೋಕೆ ಹೋಗೋ ಮೊದಲು, ಅಟ್ಟದ ಮೇಲಿರೋ ಸೋರೆಬುರುಡೆ, ಹಳೇ ಡಬ್ಬಿ ಒಂದ್ಸಲ ಇಳಿಸಿ ನೋಡಿ. ನಾಟಿ ಟೊಮೆಟೊ, ಮನೆ ಅವರೆ, ಮುಳ್ಳು ಬದನೆ, ಏನೇ ಇರಲಿ, ಹತ್ತು ಗಿಡಕ್ಕಾದರೂ ಜಾಗ ಕೊಡಿ. ಇಳುವರಿ ಕಡಿಮೆ ಅಂತ ಪೂರ್ತಿ ಬಿಟ್ಟುಬಿಡಬೇಡಿ. ನಿಮ್ಮ ಹತ್ತಿರ ಅಂಥ ಬೀಜ ಇದ್ದರೆ, ಅದರ ರುಚಿ ಹೇಗೆ, ನಿಮ್ಮ ಮನೇಲಿ ಏನು ಅಡುಗೆ ಮಾಡ್ತಾರೆ ಅಂತ ಬರೆದು ತಿಳಿಸಿ. ನನ್ನ ಹತ್ತಿರ ಇರೋ ಬದನೆ ಬೀಜ ಒಂದು ಹಿಡಿ ಕೊಡ್ತೀನಿ, ನಿಮ್ಮದು ಒಂದು ಹಿಡಿ ಕೊಡಿ.