ಗ್ಯಾರೇಜಿನ ಕೆಲಸ, ಕಾಗದದ ಸಾಕ್ಷ್ಯ: ಮೌಂಟನ್ ಬೈಕಿನ ಚರಿತ್ರೆಯಲ್ಲಿ ಕರ್ತೃತ್ವದ ಪ್ರಶ್ನೆ

ಕಾರ್ಖಾನೆಯಲ್ಲಿ ತಯಾರಾದ ವಸ್ತುವಿನ ಹಿಂದೆ ನಕ್ಷೆ, ಪೇಟೆಂಟು, ಲೆಕ್ಕದ ಪುಸ್ತಕ, ಜಾಹೀರಾತು ಮುಂತಾದ ದಾಖಲೆಗಳಿರುತ್ತವೆ. ಮನೆಯ ಶೆಡ್ಡಿನಲ್ಲಿ, ಬಿಡುವಿನ ವೇಳೆಯಲ್ಲಿ, ಹಳೆಯ ಭಾಗಗಳನ್ನು ಜೋಡಿಸಿ ಮಾಡಿದ ವಸ್ತುವಿಗೆ ಇವು ಯಾವುವೂ ಇರುವುದಿಲ್ಲ. ಅದು ಚೆನ್ನಾಗಿ ಓಡಿದರೆ ನೆರೆಯವನು ನೋಡಿ ಇನ್ನೊಂದನ್ನು ಮಾಡುತ್ತಾನೆ. ಮಾಡುವಾಗ ತನಗೆ ಬೇಕಾದಂತೆ ಕೊಂಚ ಬದಲಾಯಿಸುತ್ತಾನೆ. ಕೆಲವು ವರ್ಷಗಳ ನಂತರ ಮೊದಲು ಮಾಡಿದವರು ಯಾರೆಂದು ಕೇಳಿದರೆ ಉತ್ತರ ಕಷ್ಟವಾಗುತ್ತದೆ. ಮೌಖಿಕ ಪರಂಪರೆಯ ಕಾವ್ಯವನ್ನು ಸಂಪಾದಿಸಿದವರಿಗೆ ಈ ತೊಡಕು ಪರಿಚಿತವಾದುದೇ. ಮೂಲಪಾಠ ಸಿಗುವುದಿಲ್ಲ, ಪಾಠಾಂತರಗಳು ಮಾತ್ರ ಸಿಗುತ್ತವೆ. ಕರ್ತೃವೆಂದು ಹೆಸರು ಉಳಿದಿರುವುದು ಬಹುಮಟ್ಟಿಗೆ ಬರೆದಿಟ್ಟವರದು. ಈ ಸಾಮ್ಯವನ್ನು ಮುಂದಿಟ್ಟುಕೊಂಡು, ಮನೆಯ ಕಾರ್ಯಾಗಾರದಲ್ಲಿ ಹುಟ್ಟಿ ಜಗತ್ತಿಗೆಲ್ಲ ಹಬ್ಬಿದ ಮೌಂಟನ್ ಬೈಕಿನ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಲಿಖಿತ ದಾಖಲೆ ವಿರಳವಾಗಿರುವ ಗಡಿನಾಡಿನ ಸಮುದಾಯಗಳ ಅಧ್ಯಯನಕ್ಕೂ ಆ ಚರಿತ್ರೆಯಲ್ಲೊಂದು ಪಾಠವಿದೆ.

ಸೈಕಲ್ಲಿನ ಚರಿತ್ರೆಯಲ್ಲಿ ಇಂಥ ವಿವಾದ ಬಹಳ ಹಿಂದಿನಿಂದಲೂ ಇದೆ. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಸಿದ್ಧಪಡಿಸಿದರು. 1888ರಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು. ಆದರೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ವ್ಯಕ್ತಿ 1845ರಲ್ಲಿಯೇ, ಕುದುರೆ ಗಾಡಿಗಳ ಕಾಲಕ್ಕೆ, ಇದೇ ತತ್ತ್ವಕ್ಕೆ ಪೇಟೆಂಟು ಪಡೆದಿದ್ದರೆಂಬುದು ಬೆಳಕಿಗೆ ಬಂದು ಡನ್‌ಲಪ್ ಅವರ ಪೇಟೆಂಟು ಅಸಿಂಧುವಾಯಿತು. ಹಾಗಿದ್ದರೂ ಜನರ ನೆನಪಿನಲ್ಲಿ ಉಳಿದದ್ದು ಡನ್‌ಲಪ್ ಹೆಸರು. ಥಾಮ್ಸನ್ ಅವರ ಹಕ್ಕು ಮರಳಿ ಸಿಕ್ಕಿದ್ದು ಅವರ ಕೆಲಸ ಕಾಗದದ ಮೇಲೆ ಇದ್ದುದರಿಂದ.

ತಂತ್ರಜ್ಞಾನದ ಸಮಾಜಶಾಸ್ತ್ರದಲ್ಲಿ ಸೈಕಲ್ಲಿಗೆ ವಿಶೇಷ ಸ್ಥಾನವಿದೆ. ಟ್ರೆವರ್ ಪಿಂಚ್ ಮತ್ತು ವೀಬ್ ಬೈಕರ್ 1984ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಸೈಕಲ್ಲನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಒಂದು ವಸ್ತು ಬೇರೆ ಬೇರೆ ಜನವರ್ಗಗಳಿಗೆ ಬೇರೆ ಬೇರೆ ಅರ್ಥ ಕೊಡುತ್ತದೆ. ಕ್ರಮೇಣ ಒಂದು ಅರ್ಥ ಗೆದ್ದು ವಸ್ತುವಿನ ರೂಪ ಸ್ಥಿರಗೊಳ್ಳುತ್ತದೆ ಎಂಬುದು ಅವರ ವಾದ. ದೊಡ್ಡ ಮುಂಗಾಲಿಯ ಎತ್ತರದ ಸೈಕಲ್ಲು ಹಿಂದೆ ಸರಿದು, 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ ‘ರೋವರ್’ ಮಾದರಿಯ, ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿರುವ ಸೈಕಲ್ಲು ನೆಲೆ ನಿಂತಿತು. ಹೀಗೆ ಸ್ಥಿರಗೊಂಡ ರೂಪವನ್ನು ಸುಮಾರು 90 ವರ್ಷಗಳ ನಂತರ ಮತ್ತೆ ಬಿಚ್ಚಿ ನೋಡಿದವರು ಹವ್ಯಾಸಿಗಳು. ಕಾರ್ಖಾನೆಗಳಿಗೆ ಅದರ ಅಗತ್ಯವೇ ತೋರಿರಲಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ, ಗೋಲ್ಡನ್ ಗೇಟ್ ಸೇತುವೆಯಾಚೆ, ಮರಿನ್ ಕೌಂಟಿ ಇದೆ. ಟ್ಯಾಮಲ್ಪಾಯಿಸ್ ಬೆಟ್ಟದ ಸುತ್ತ ಕಾಡ್ಗಿಚ್ಚು ನಂದಿಸುವ ವಾಹನಗಳಿಗಾಗಿ ಕಡಿದ ಮಣ್ಣಿನ ದಾರಿಗಳು ಅಲ್ಲಿ ಅನೇಕ. 1970ರ ದಶಕದ ಆರಂಭದಲ್ಲಿ ಅಲ್ಲಿನ ಕೆಲವು ಯುವಕರು ಗುಜರಿಯಿಂದ 1930 ಮತ್ತು 1940ರ ದಶಕಗಳ ಸೈಕಲ್ಲುಗಳನ್ನು ತಂದು ಈ ದಾರಿಗಳಲ್ಲಿ ಇಳಿಸತೊಡಗಿದರು. ಷ್ವಿನ್ ಕಂಪನಿ 1933ರಲ್ಲಿ ಬಳಕೆಗೆ ತಂದಿದ್ದ ದಪ್ಪ ‘ಬಲೂನ್’ ಟಯರು ಈ ಹಳೆಯ ಸೈಕಲ್ಲುಗಳಿಗೆ ಇತ್ತು. ಕಲ್ಲು ಗುಂಡಿಗಳ ಪೆಟ್ಟನ್ನು ಆ ಟಯರು ತಾಳುತ್ತಿತ್ತು. ರೇಸಿನ ಸಣ್ಣ ಟಯರಿಗೆ ಅದು ಸಾಧ್ಯವಿರಲಿಲ್ಲ. ಷ್ವಿನ್ ‘ಎಕ್ಸೆಲ್ಸಿಯರ್’ ಫ್ರೇಮಿಗೆ ಅವರಲ್ಲಿ ಹೆಚ್ಚು ಬೇಡಿಕೆ. ಈ ಸೈಕಲ್ಲುಗಳನ್ನು ಅವರು ‘ಕ್ಲಂಕರ್’ ಎಂದು ಕರೆದರು. ನಮ್ಮ ಮಾತಿನಲ್ಲಿ ‘ಲಟಾರಿ’ ಎನ್ನಬಹುದು.

ಲಟಾರಿಯನ್ನು ಬೆಟ್ಟಕ್ಕೆ ಒಗ್ಗಿಸುವ ಕೆಲಸ ಮನೆಯ ಗ್ಯಾರೇಜುಗಳಲ್ಲಿ ನಡೆಯಿತು. ಮೊದಲು ಮಡ್‌ಗಾರ್ಡು, ಚೈನ್ ಕವರು, ಅಲಂಕಾರದ ಟ್ಯಾಂಕು ಇವನ್ನು ಬಿಚ್ಚಿ ತೂಕ ಇಳಿಸಿದರು. ಪೆಡಲನ್ನು ಹಿಂದಕ್ಕೆ ತುಳಿದಾಗ ಹಿಂಗಾಲಿಯ ಹಬ್‌ನೊಳಗೆ ಹಿಡಿಯುವ ಕೋಸ್ಟರ್ ಬ್ರೇಕು ಹಳೆಯ ಸೈಕಲ್ಲುಗಳ ಏಕೈಕ ತಡೆ. ಫೇರ್‌ಫ್ಯಾಕ್ಸ್ ಊರಿನ ಬಳಿ ಎರಡು ಮೈಲಿಯ ಅಂತರದಲ್ಲಿ ಸುಮಾರು 1,300 ಅಡಿ ಇಳಿಯುವ ದಾರಿಯೊಂದರಲ್ಲಿ ಈ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇಳಿದ ಬಳಿಕ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೀಗೆ ಮತ್ತೆ ತುಂಬುವುದಕ್ಕಿರುವ ‘ರಿಪ್ಯಾಕ್’ ಎಂಬ ಶಬ್ದವೇ ದಾರಿಯ ಹೆಸರಾಯಿತು. ಗ್ಯಾರಿ ಫಿಶರ್ 1970ರ ದಶಕದ ಮಧ್ಯದಲ್ಲಿ ತಮ್ಮ ಲಟಾರಿಗೆ ಡ್ರಮ್ ಬ್ರೇಕು ಮತ್ತು ಗೇರು ಅಳವಡಿಸಿದರು. ಮೋಟರ್ ಸೈಕಲ್ಲಿನ ಬ್ರೇಕ್ ಲಿವರುಗಳೂ ಬಳಕೆಗೆ ಬಂದವು. ಗೇರು ಬಂದ ಮೇಲೆ ಬೆಟ್ಟ ಹತ್ತಲು ಸೈಕಲ್ಲನ್ನು ತಳ್ಳಿಕೊಂಡು ಹೋಗುವ ಕಷ್ಟ ತಗ್ಗಿತು.

1976ರ ಅಕ್ಟೋಬರ್ 21ರಂದು ರಿಪ್ಯಾಕ್ ದಾರಿಯಲ್ಲಿ ಮೊದಲ ಸ್ಪರ್ಧೆ ನಡೆಯಿತು. ಒಬ್ಬೊಬ್ಬರನ್ನೇ ಬಿಟ್ಟು ಸಮಯ ಅಳೆಯುವ ಪದ್ಧತಿ. ಸ್ಪರ್ಧೆಯನ್ನು ನಡೆಸಿದ ಚಾರ್ಲಿ ಕೆಲ್ಲಿ ಫಲಿತಾಂಶಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರು. ಫಿಶರ್ ಅವರ 4 ನಿಮಿಷ 22 ಸೆಕೆಂಡುಗಳ ದಾಖಲೆ ಇಂದಿಗೂ ಎಲ್ಲರಿಗೂ ಗೊತ್ತಿರುವುದು ಆ ಬರಹದಿಂದ. ಸ್ಪರ್ಧೆಯಲ್ಲಿ ಹಳೆಯ ಫ್ರೇಮುಗಳು ಮುರಿಯತೊಡಗಿದವು; ಸಿಗುವುದೂ ಕಡಿಮೆಯಾಯಿತು. ರಸ್ತೆ ಸೈಕಲ್ಲಿನ ಫ್ರೇಮುಗಳನ್ನು ಕೈಯಿಂದ ಕಟ್ಟಲು ಆಗಲೇ ಕಲಿತಿದ್ದ ಜೋ ಬ್ರೀಜ್ 1977ರಲ್ಲಿ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಕೊಳವೆಗಳಿಂದ ಬೆಟ್ಟಕ್ಕೆಂದೇ ಹೊಸ ಫ್ರೇಮು ಕಟ್ಟಿದರು. ಮಾರ್ಪಾಡು ನಿರ್ಮಾಣವಾಗಿ ಬದಲಾದ ಘಟ್ಟ ಇದು. ಆ ಮೊದಲ ‘ಬ್ರೀಜರ್’ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

1979ರಲ್ಲಿ ಫಿಶರ್ ಮತ್ತು ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಜೋಡಿಸಿ ಮಾರಲು ‘ಮೌಂಟನ್‌ಬೈಕ್ಸ್’ ಎಂಬ ಸಣ್ಣ ವ್ಯವಹಾರ ಆರಂಭಿಸಿದರು. ಆ ಹೆಸರಿನ ಮೇಲೆ ಹಕ್ಕುಸ್ವಾಮ್ಯ ದೊರೆಯಲಿಲ್ಲ. ಶಬ್ದ ಸಾರ್ವಜನಿಕರ ಸ್ವತ್ತಾಯಿತು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ‘ಸ್ಟಂಪ್‌ಜಂಪರ್’ ಮಾದರಿಯನ್ನು ಜಪಾನಿನಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು. ಅಲ್ಲಿಗೆ ಗ್ಯಾರೇಜಿನ ಚರಿತ್ರೆ ಕಾರ್ಖಾನೆಯ ಚರಿತ್ರೆಯೊಳಗೆ ಸೇರಿಹೋಯಿತು.

ಇದಿಷ್ಟು ಪ್ರಚಲಿತ ಕಥನ. ಇದರ ಆಧಾರಗಳನ್ನು ಗಮನಿಸಿದರೆ ಒಂದು ಅಂಶ ಎದ್ದು ಕಾಣುತ್ತದೆ. ಕೆಲ್ಲಿಯವರ ಸ್ಪರ್ಧಾ ಪುಸ್ತಕ ಉಳಿದಿದೆ. ವೆಂಡಿ ಕ್ರ್ಯಾಗ್ ಎಂಬ ಸವಾರಿಣಿ ಆ ವರ್ಷಗಳಲ್ಲಿ ತೆಗೆದ ಛಾಯಾಚಿತ್ರಗಳು ಉಳಿದಿವೆ. 1980ರಲ್ಲಿ ಡೆನಿಸ್ ಕಾರಮಾನ್ಯೊ ಮತ್ತು ಕೆಲ್ಲಿ ಆರಂಭಿಸಿದ ‘ಫ್ಯಾಟ್ ಟಯರ್ ಫ್ಲಾಯರ್’ ಎಂಬ ಪುಟ್ಟ ಪತ್ರಿಕೆ 1987ರವರೆಗೆ ನಡೆಯಿತು. ಅಂದರೆ ಮರಿನ್ ಗುಂಪಿನವರು ಸೈಕಲ್ಲಿನ ಜೊತೆಗೆ ಅದರ ದಫ್ತರವನ್ನೂ ಕಟ್ಟಿದರು.

ದಫ್ತರವಿಲ್ಲದವರ ಗತಿ ಏನಾಯಿತೆಂಬುದಕ್ಕೆ ಕ್ಯುಪರ್ಟಿನೊ ಊರಿನ ‘ಮಾರೊ ಡರ್ಟ್ ಕ್ಲಬ್’ ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕಿರುವ ಆ ಊರಿನ ಗೆಳೆಯರ ಗುಂಪು ಹಳೆಯ ಸೈಕಲ್ಲುಗಳಿಗೆ ಹೆಬ್ಬೆರಳಿನಿಂದ ಬದಲಿಸುವ ಗೇರು ಮತ್ತು ಡ್ರಮ್ ಬ್ರೇಕು ಹಾಕಿಕೊಂಡಿತ್ತು. ಮಾರೊ ಎಂಬುದು ಒಂದು ಕೋಸ್ಟರ್ ಬ್ರೇಕಿನ ಹೆಸರು. 1974ರ ಡಿಸೆಂಬರ್ 1ರಂದು ಮರಿನ್ ಪ್ರದೇಶದ ಮಿಲ್ ವ್ಯಾಲಿಯಲ್ಲಿ ನಡೆದ ಸೈಕ್ಲೊಕ್ರಾಸ್ ಸ್ಪರ್ಧೆಗೆ ಅವರಲ್ಲಿ ಕೆಲವರು ಈ ಸೈಕಲ್ಲುಗಳಲ್ಲೇ ಬಂದರು. ಫಿಶರ್, ಬ್ರೀಜ್, ಕೆಲ್ಲಿ ಮೂವರೂ ಅಲ್ಲಿದ್ದು ಅವನ್ನು ನೋಡಿದರು. ಆಮೇಲೆ ಕ್ಯುಪರ್ಟಿನೊ ಗುಂಪು ಚದುರಿತು. ಅವರು ಪತ್ರಿಕೆ ನಡೆಸಲಿಲ್ಲ, ಕಂಪನಿ ತೆರೆಯಲಿಲ್ಲ. ಅವರಲ್ಲೊಬ್ಬರಾದ ರಸ್ ಮಾಹನ್ ಅವರನ್ನು ಹುಡುಕಿ ಆ ಕಥೆಯನ್ನು ಮತ್ತೆ ಬೆಳಕಿಗೆ ತರಲು 1990ರ ದಶಕ ಬರಬೇಕಾಯಿತು. ಹುಡುಕಿದವರು ಜೋ ಬ್ರೀಜ್. ಪ್ರಚಲಿತ ಕಥನದಿಂದ ಅತ್ಯಂತ ಹೆಚ್ಚು ಗೌರವ ಪಡೆದವರಲ್ಲೊಬ್ಬರೇ ಅದನ್ನು ತಿದ್ದಲು ಹೊರಟರೆಂಬುದು ಗಮನಾರ್ಹ.

ಇನ್ನೂ ಹಿಂದಕ್ಕೆ ಹೋಗಬಹುದು. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಫಿನ್ಲಿ ಸ್ಕಾಟ್ 1953ರಲ್ಲಿಯೇ ಷ್ವಿನ್ ಫ್ರೇಮಿಗೆ ದಪ್ಪ ಟಯರು, ನೇರ ಹ್ಯಾಂಡಲು, ಗೇರು ಹಾಕಿ ಕಾಡಿನ ಸೈಕಲ್ಲೊಂದನ್ನು ಮಾಡಿಕೊಂಡಿದ್ದರು. ಅದೇ ದಶಕದ ಪೂರ್ವಾರ್ಧದಲ್ಲಿ ಪ್ಯಾರಿಸ್ಸಿನ ಹೊರವಲಯದ ಯುವಕರ ‘ವೆಲೊ ಕ್ರಾಸ್ ಕ್ಲಬ್ ಪ್ಯಾರಿಸಿಯಾಂ’ ಇಂಥದೇ ಪ್ರಯೋಗ ನಡೆಸಿತ್ತು. ಇವರಿಗೆ ಪರಸ್ಪರ ಪರಿಚಯವಿರಲಿಲ್ಲ. ಒಂದೇ ಆಶಯ ಸಂಪರ್ಕವಿಲ್ಲದ ನಾಡುಗಳಲ್ಲಿ ತಾನಾಗಿ ಕಾಣಿಸಿಕೊಳ್ಳುವುದನ್ನು ತೌಲನಿಕ ಸಾಹಿತ್ಯವೂ ಜಾನಪದವೂ ಬಲ್ಲವು. ಅಲ್ಲಿ ‘ಮೊದಲು ಯಾರು’ ಎಂಬ ಪ್ರಶ್ನೆಗಿಂತ ‘ಎಲ್ಲಿ ಬೇರೂರಿತು, ಏಕೆ’ ಎಂಬ ಪ್ರಶ್ನೆ ಫಲದಾಯಕ.

ಮರಿನ್‌ನಲ್ಲಿ ಬೇರೂರಿದ್ದು ಏಕೆ? ಬರೆದಿಟ್ಟವರು ಹೆಸರು ಕಸಿದುಕೊಂಡರು ಎಂದು ತೀರ್ಪು ಕೊಡುವುದು ಸುಲಭ, ಆದರೆ ಸರಿಯಲ್ಲ. ಅಲ್ಲಿ ಬರಹ ಕೆಲಸದ ನಂತರ ಬಂದದ್ದಲ್ಲ, ಕೆಲಸದ ಭಾಗವೇ ಆಗಿತ್ತು. ಸಮಯವನ್ನು ಬರೆದಿಟ್ಟದ್ದರಿಂದ ಯಾವ ಮಾರ್ಪಾಡು ಉಪಯುಕ್ತವೆಂಬುದನ್ನು ಹೋಲಿಸಿ ನೋಡಲು ಆಧಾರ ಸಿಕ್ಕಿತು. ಪತ್ರಿಕೆ ಇದ್ದುದರಿಂದ ಒಂದು ಗ್ಯಾರೇಜಿನ ಅನುಭವ ದೂರದ ಇನ್ನೊಂದು ಗ್ಯಾರೇಜಿಗೆ ತಲುಪಿತು. ಕ್ಯುಪರ್ಟಿನೊದವರ ಕೌಶಲ ಕಡಿಮೆಯದೇನಲ್ಲ. ಅದು ಕೈಯಿಂದ ಕೈಗೆ ದಾಟುವ ದಾರಿ ಮಾತ್ರ ಅಲ್ಲಿ ಮುಚ್ಚಿಹೋಯಿತು. ದಾಖಲೆ ಎಂದರೆ ಸ್ಮಾರಕವಷ್ಟೇ ಅಲ್ಲ, ಪ್ರಸಾರದ ಸಾಧನವೂ ಹೌದು.

ಈ ಮಾತು ಗಡಿನಾಡಿನ ಕನ್ನಡ ಅಧ್ಯಯನಕ್ಕೆ ನೇರವಾಗಿ ಅನ್ವಯಿಸುತ್ತದೆ. ಸೈಕಲ್ಲು, ಹೊಲಿಗೆ ಯಂತ್ರ, ಟೈಪ್‌ರೈಟರು, ಅಕ್ಕಿ ಗಿರಣಿ ಇವನ್ನು ಭಾರತೀಯರು ತಮ್ಮದಾಗಿಸಿಕೊಂಡ ಬಗೆಯನ್ನು ಡೇವಿಡ್ ಆರ್ನಾಲ್ಡ್ 2013ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹಾಲಿನ ಕ್ಯಾನು ತೂಗುಹಾಕಲು ಕ್ಯಾರಿಯರಿಗೆ ಕೊಕ್ಕೆ ಬೆಸೆದವರು, ಸ್ಟ್ಯಾಂಡ್ ಹಾಕಿ ಪೆಡಲು ತುಳಿದು ಸಾಣೆಕಲ್ಲು ತಿರುಗಿಸಿದವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ಕೆಲಸಕ್ಕೆ ಪುಸ್ತಕವಿಲ್ಲ. ಅವರ ಭಾಷೆಯೂ ಅಷ್ಟೇ ಅಲಕ್ಷಿತ. ‘ಪಂಚರ್’ ಎಂಬ ಒಂದು ಎರವಲು ಶಬ್ದವನ್ನೇ ನೋಡಬಹುದು. ಟ್ಯೂಬಿನ ತೂತು ಮುಚ್ಚುವುದಕ್ಕೆ ಕನ್ನಡಿಗರು ಸಾಮಾನ್ಯವಾಗಿ ಪಂಚರ್ ‘ಹಾಕುವುದು’ ಎನ್ನುತ್ತಾರೆ. ತಮಿಳರು ಅದನ್ನು ‘ಒಟ್ಟು’ತ್ತಾರೆ, ಅಂದರೆ ಅಂಟಿಸುತ್ತಾರೆ. ಮರಾಠಿಯವರು ‘ಕಾಢ’ತಾರೆ, ಅಂದರೆ ತೆಗೆಯುತ್ತಾರೆ. ಶಬ್ದ ಒಂದೇ, ಕೆಲಸವೂ ಒಂದೇ. ಮೂರು ಭಾಷೆಗಳು ಅದನ್ನು ಮೂರು ಬಗೆಯಲ್ಲಿ ಕಂಡಿವೆ. ಹೊಸೂರಿನ ಕನ್ನಡಿಗ ಹಾಕುತ್ತಾನೆಯೇ ಅಂಟಿಸುತ್ತಾನೆಯೇ, ಸೊಲ್ಲಾಪುರದ ಕನ್ನಡಿಗ ಹಾಕುತ್ತಾನೆಯೇ ತೆಗೆಯುತ್ತಾನೆಯೇ ಎಂಬುದನ್ನು ನಿಘಂಟು ಹೇಳಲಾರದು. ಸೈಕಲ್ ಅಂಗಡಿಯ ಹಿರಿಯ ಮೇಸ್ತ್ರಿಗಳ ಬಳಿ ಕುಳಿತು ಕೇಳಿ ಬರೆದುಕೊಳ್ಳಬೇಕು.

ಕ್ಯುಪರ್ಟಿನೊದ ಕಥೆಯನ್ನು 20 ವರ್ಷಗಳ ನಂತರ ಹೇಳಲು ಆ ಸೈಕಲ್ಲುಗಳನ್ನು ಕಟ್ಟಿದವರು ಇನ್ನೂ ಬದುಕಿದ್ದರು. ಗಡಿನಾಡಿನ ಅಂಗಡಿಗಳಲ್ಲಿ ಆ ಅವಕಾಶ ಇರುವಾಗಲೇ ಈ ಕೆಲಸ ಆಗಬೇಕಾಗಿದೆ.