ಎಲೆಯ ಉಂಗುರವೂ ನೀರಿನ ಜಲಜನಕವೂ



ಎಲೆಯ ಪತ್ರಹರಿತ್ತು ಹಾಗೂ ನೆತ್ತರಿನ ಹೀಮ್, ಇವೆರಡರ ರಚನೆಯನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯುವುದು ನನ್ನ ರೂಢಿಯಾಗಿತ್ತು. ಎರಡರಲ್ಲಿಯೂ ನಾಲ್ಕು ಸಾರಜನಕಗಳುಳ್ಳ ಒಂದೇ ಬಗೆಯ ಉಂಗುರ. ನಡುವೆ ಒಂದರಲ್ಲಿ ಮೆಗ್ನೀಸಿಯಂ, ಇನ್ನೊಂದರಲ್ಲಿ ಕಬ್ಬಿಣ. ಈ ಕುಲಕ್ಕೆ ಪಾರ್ಫಿರಿನ್ ಎಂದು ಹೆಸರು; ಕೆನ್ನೀಲಿಯನ್ನು ಸೂಚಿಸುವ ಗ್ರೀಕ್ ಪದದಿಂದ ಬಂದುದು. ಇದೇ ಉಂಗುರದ ನೆರವಿನಿಂದ ಬಿಸಿಲಿನಲ್ಲಿ ನೀರಿನಿಂದ ಜಲಜನಕವನ್ನು ಪಡೆಯಲು ನಡೆದ ಯತ್ನದ ಕಥೆ ನಲವತ್ತು ನಿಮಿಷದ ಅವಧಿಗೆ ಒಗ್ಗುವಂಥದಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಸೆ ಹಳೆಯದು. ಇಟಲಿಯ ಬೊಲೊನ್ಯಾ ನಗರದ ಜಾಕೋಮೊ ಚಾಮಿಚಾನ್ ತಮ್ಮ ಪ್ರಯೋಗಶಾಲೆಯ ಮಾಳಿಗೆಯ ಮೇಲೆ ಗಾಜಿನ ಸೀಸೆಗಳನ್ನು ಬಿಸಿಲಿಗಿಟ್ಟು ಪರೀಕ್ಷಿಸುತ್ತಿದ್ದವರು. ಕಲ್ಲಿದ್ದಲು ತೀರುವಂಥದು, ಗಿಡಗಳ ಗುಟ್ಟನ್ನು ಅರಿತರೆ ಮರುಭೂಮಿಯಲ್ಲಿಯೂ ಹೊಗೆಯಿಲ್ಲದ ಕೈಗಾರಿಕೆ ಸಾಧ್ಯ ಎಂದು ಅವರು 1912ರಲ್ಲಿ ನ್ಯೂಯಾರ್ಕಿನಲ್ಲಿ ಉಪನ್ಯಾಸವಿತ್ತರು. ಲೋಕ ಆ ಮಾತನ್ನು ಗಂಭೀರವಾಗಿ ನೆನೆದದ್ದು 1973ರ ತೈಲ ಬಿಕ್ಕಟ್ಟಿನ ತರುವಾಯ. ಅದಕ್ಕೆ ಒಂದು ವರ್ಷ ಮುನ್ನವೇ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಅವರು ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಹಾಯಿಸಿ ನೀರನ್ನು ಒಡೆದಿದ್ದರು. ಆದರೆ ಆ ಬಿಳಿಯ ವಸ್ತುವಿಗೆ ಅತಿನೇರಳೆ ಕಿರಣವೇ ಬೇಕು. ಬಿಸಿಲಿನಲ್ಲಿ ಅದರ ಪಾಲು ಅತ್ಯಲ್ಪ. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ಬಣ್ಣದ ಹುಡುಕಾಟ ಹೀಗೆ ಮೊದಲಾಯಿತು.

ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕಲ್ಯಾಣಸುಂದರಂ ಮತ್ತು ಗ್ರೆಟ್ಸೆಲ್ 1980ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹ್ಯಾರಿಮನ್, ಪೋರ್ಟರ್ ಮತ್ತು ರಿಶೂ 1981ರಲ್ಲಿ, ನೀರಿನಲ್ಲಿ ಕರಗುವ ಸತುವಿನ ಪಾರ್ಫಿರಿನ್ನಿನಿಂದ ಜಲಜನಕವನ್ನು ಪಡೆದ ವರದಿಗಳನ್ನು ಪ್ರಕಟಿಸಿದರು. ಬೆಳಕನ್ನು ಹೀರಿದ ಪಾರ್ಫಿರಿನ್ ತನ್ನ ಒಂದು ಎಲೆಕ್ಟ್ರಾನನ್ನು ಮೀಥೈಲ್ ವಯೊಲೊಜೆನ್ನಿಗೆ ಕೊಡುತ್ತದೆ. ಅದು ನೀಲಿಯಾಗಿ, ಎಲೆಕ್ಟ್ರಾನನ್ನು ಪ್ಲಾಟಿನಂ ಕಣಕ್ಕೆ ಮುಟ್ಟಿಸುತ್ತದೆ. ಅಲ್ಲಿ ನೀರಿನ ಪ್ರೋಟಾನುಗಳು ಜಲಜನಕವಾಗಿ ಗುಳ್ಳೆಯೇಳುತ್ತವೆ. (ಮೀಥೈಲ್ ವಯೊಲೊಜೆನ್ ಎಂದರೆ ಕಳೆನಾಶಕ ಪ್ಯಾರಾಕ್ವಾಟ್! ಅದು ಕಳೆಯನ್ನು ಕೊಲ್ಲುವುದೂ ಎಲೆಯೊಳಗಿನ ಎಲೆಕ್ಟ್ರಾನನ್ನು ಕದ್ದೇ. ಎಲೆಯ ಕಳ್ಳನೇ ಎಲೆಯ ಅನುಕರಣೆಯಲ್ಲಿ ಹಮಾಲಿಯಾದದ್ದು ನನಗೆ ಬಲು ಸೋಜಿಗ.)

ಇನ್ನು ಲೆಕ್ಕ ನೋಡೋಣ. ಪಾರ್ಫಿರಿನ್ ಕಳೆದುಕೊಂಡ ಎಲೆಕ್ಟ್ರಾನನ್ನು ತುಂಬಿದವರಾರು? ನೀರಲ್ಲ, ಇಡಿಟಿಎ, ಕಾಲೇಜಿನಲ್ಲಿ ನೀರಿನ ಗಡಸುತನವನ್ನು ಅಳೆಯಲು ನೀವು ಬಳಸಿದ ಅದೇ ವಸ್ತು. ಎಲೆಕ್ಟ್ರಾನು ಕೊಟ್ಟು ಅದು ಮುರಿದು ಹಾಳಾಗುತ್ತದೆ. ವಿಜ್ಞಾನಿಗಳು ಇಂಥದನ್ನು ‘ಬಲಿಯಾಗುವ ದಾನಿ’ ಎನ್ನುತ್ತಾರೆ. ಜಲಜನಕ ಬಂತು, ಆಮ್ಲಜನಕ ಬರಲಿಲ್ಲ. ಆದ್ದರಿಂದ ಇದನ್ನು ‘ನೀರಿನ ವಿಭಜನೆ’ ಎಂದು ಕರೆಯುವುದು ನನ್ನ ಮಟ್ಟಿಗೆ ಅರ್ಧಸತ್ಯ. ಸಂಶೋಧಕರು ಅದನ್ನು ಮರೆಮಾಚಲಿಲ್ಲ, ಮರೆತದ್ದು ಸುದ್ದಿಯ ತಲೆಬರಹಗಳು. ಇಂದಿಗೂ ಪಾರ್ಫಿರಿನ್ ಪ್ರಯೋಗಗಳಲ್ಲಿ ಬಹುಪಾಲು ಇಡಿಟಿಎ, ಟ್ರೈಎಥನಾಲಮೀನ್ ಅಥವಾ ನಿಂಬೆಯಲ್ಲಿಯೂ ಇರುವ ಆಸ್ಕಾರ್ಬಿಕ್ ಆಮ್ಲದ ಬಲಿಯ ಮೇಲೆಯೇ ನಡೆಯುತ್ತವೆ.

ಕಷ್ಟವಿರುವುದು ಇಲ್ಲಿಯೇ. ಆಮ್ಲಜನಕದ ಒಂದು ಅಣುವಿಗಾಗಿ ನೀರಿನ ಎರಡು ಅಣುಗಳಿಂದ ನಾಲ್ಕು ಎಲೆಕ್ಟ್ರಾನುಗಳನ್ನು ಕೀಳಬೇಕು; ಅಷ್ಟರಲ್ಲಿ ಬಣ್ಣವೇ ಕೆಡಬಾರದು. ಎಲೆ ಈ ಕೆಲಸವನ್ನು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇರುವ ಪುಟ್ಟ ಗೊಂಚಲಿಗೆ ವಹಿಸಿದೆ; ಅದರ ರೂಪವನ್ನು ಜಪಾನಿನ ವಿಜ್ಞಾನಿಗಳು 2011ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಬಲಿಯಿಲ್ಲದೆ, ಪಾರ್ಫಿರಿನ್ನೂ ಇಲ್ಲದೆ, ಸ್ಟ್ರಾನ್ಷಿಯಂ ಟೈಟನೇಟಿನ ಹಲಗೆಗಳನ್ನು 100 ಚದರ ಮೀಟರ್ ಹರಡಿ ಅದೇ ದೇಶದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಸಿಲಿನ ಶಕ್ತಿಯಲ್ಲಿ ಜಲಜನಕಕ್ಕೆ ಸಂದದ್ದು ಹೆಚ್ಚೆಂದರೆ ಶೇಕಡಾ 0.76.