ಮಿಲ್ಲಿನೂರಿನ ನಾಟಕದ ಹುಚ್ಚು

ಕುಮಾರಪಟ್ಟಣದಲ್ಲಿ ಬಸ್ಸು ಹತ್ತಿ ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ. ಅಲ್ಲಿಂದ ದಾವಣಗೆರೆ ದೂರವೇನಲ್ಲ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಹಳೇ ಊರಿನಲ್ಲಿ. ಮದುವೆಯಾಗಿ ಹೊಳೆಯ ಈ ದಂಡೆಗೆ ಬಂದು, ಮಕ್ಕಳಿಗೆ ಸಮಾಜ ಪಾಠ ಹೇಳುತ್ತ ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ಹತ್ತಿರವಿದ್ದರೂ ಅವ್ವ ತೀರಿಕೊಂಡ ಮೇಲೆ ಆ ಓಣಿಗಳಿಗೆ ಕಾಲಿಟ್ಟಿರಲಿಲ್ಲ. ದಾವಣಗೆರೆಗೆ ಹೋದರೂ ಸೀರೆ ಅಂಗಡಿಯವರೆಗೆ ಹೋಗಿ, ಹಾಗೇ ತಿರುಗಿ ಬರುತ್ತಿದ್ದೆ.

ಕಳೆದ ದೀಪಾವಳಿ ರಜೆಯಲ್ಲಿ ಸೊಸೆ, “ಅತ್ತಿ, ನಿಮ್ಮ ತವರು ತೋರಸ್ರಿ” ಎಂದು ಗಂಟುಬಿದ್ದಳು. ಆಕೆ ಧಾರವಾಡದ ಹುಡುಗಿ, ಚಿತ್ರ ಬರೆಯುತ್ತಾಳೆ. ದಾವಣಗೆರೆಯಲ್ಲಿ 1964ರಲ್ಲಿ ಶುರುವಾದ ದೃಶ್ಯಕಲಾ ಕಾಲೇಜಿನಲ್ಲಿ ಓದಿದ ಗೆಳತಿಯೊಬ್ಬಳು ಮಂಡಕ್ಕಿ ಭಟ್ಟಿಯ ಓಣಿಯಲ್ಲಿ ಕೂತು ಬರೆದ ಚಿತ್ರ ನೋಡಿ ಅವಳಿಗೆ ಆಸೆ ಹುಟ್ಟಿತ್ತು. ಹೊಗೆ, ಮಸಿ, ತಗಡಿನ ಮಾಡು. ಅದರಲ್ಲಿ ಚಂದವೇನಿದೆಯೋ, ನನಗಂತೂ ತಿಳಿಯಲಿಲ್ಲ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಾನೇ ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ಸುತ್ತಲಿನ ಎರೆಹೊಲದ ಹತ್ತಿ, ಪುಣೆ–ಬೆಂಗಳೂರು ರಸ್ತೆ, ರೈಲು, ಇವೆಲ್ಲ ಸೇರಿ ಅಲ್ಲಿ ಮಿಲ್ಲುಗಳು ಎದ್ದವು. ಮಿಲ್ಲಿನ ಭೋಂಗಾಕ್ಕೆ ಊರು ಏಳುತ್ತಿತ್ತು, ಮಲಗುತ್ತಿತ್ತು. ಕೂಲಿಕಾರರ ಒಗ್ಗಟ್ಟು ಎಷ್ಟಿತ್ತೆಂದರೆ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಬಾರಿ ಶಾಸಕರಾಗಿ ಆರಿಸಿ ಕಳಿಸಿದ ಊರು ಅದು. ಇಷ್ಟನ್ನು ಪಾಠದಲ್ಲಿ ಹೇಳುತ್ತಿದ್ದೆ. ನನ್ನ ಅಪ್ಪ ಅಂಥ ಒಂದು ಮಿಲ್ಲಿನಲ್ಲಿ ನೂಲಿನ ಖಾತೆಯ ಕೂಲಿಯಾಗಿದ್ದ ಎಂದು ಮಾತ್ರ ಎಂದೂ ಹೇಳಲಿಲ್ಲ. ಗಂಡನ ಮನೆಯಲ್ಲಿ “ಮಿಲ್ಲಿನ ಆಫೀಸಿನಲ್ಲಿದ್ದರು” ಎಂದೇ ಹೇಳಿಕೊಂಡು ಬಂದಿದ್ದೆ.

ಅಪ್ಪನಿಗೆ ನಾಟಕದ ಹುಚ್ಚು. ಅವನೊಬ್ಬನಿಗೇ ಅಲ್ಲ, ಇಡೀ ಊರಿಗೆ. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದೇ. ಹೊಳೆಯ ಆಚೆ ಮುಂಬಯಿ ಸರ್ಕಾರ, ಈಚೆ ಮೈಸೂರು ಸೀಮೆ ಎಂದಿದ್ದ ಕಾಲದಿಂದಲೂ ಎರಡೂ ಕಡೆಯ ಕಂಪನಿಗಳು ಇಲ್ಲಿ ಕ್ಯಾಂಪು ಹಾಕುತ್ತಿದ್ದವು. ಪಗಾರದ ದಿನ ಕೂಲಿಕಾರರ ಕೈಯಲ್ಲಿ ರೊಕ್ಕ ಓಡಾಡುತ್ತದೆ ಎಂಬುದು ಕಂಪನಿ ಮಾಲೀಕರಿಗೆ ಚೆನ್ನಾಗಿ ಗೊತ್ತು. ಮುಂದಿನ ಕುರ್ಚಿಯಲ್ಲಿ ಸಾವುಕಾರರು ಕೂತರೂ ಟೆಂಟು ತುಂಬಿಸುತ್ತಿದ್ದವರು ನೆಲದ ಟಿಕೀಟಿನ ಅಪ್ಪನಂಥವರೇ.

ಬೆಣ್ಣೆ ದೋಸೆಯೂ ಹುಟ್ಟಿದ್ದು ನಾಟಕದ ಮಗ್ಗುಲಲ್ಲೇ ಎನ್ನುತ್ತಾರೆ. 1928ರ ಸುಮಾರಿಗೆ ಚೆನ್ನಮ್ಮ ಎಂಬ ಹೆಣ್ಣುಮಗಳು ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ನಾಟಕದ ಥೇಟರಿನ ಹತ್ತಿರ ರಾಗಿ ದೋಸೆ ಮಾರಲು ಕೂತಳಂತೆ. ಮುಂದೆ ಮಕ್ಕಳು ರಾಗಿ ಬಿಟ್ಟು ಅಕ್ಕಿ ಹಿಡಿದರು, ಹಿಟ್ಟಿಗೆ ಮಂಡಕ್ಕಿ ಸೇರಿಸಿದರು, ಮೇಲೆ ಬೆಣ್ಣೆ ಹಾಕಿದರು. ಈಗ ಬೆಂಗಳೂರಿನಲ್ಲಿ ಸಾಲುಗಟ್ಟಿ ನಿಂತು ತಿನ್ನುವವರಿಗೆ ಚೆನ್ನಮ್ಮ ಗೊತ್ತಿಲ್ಲ, ಬಿಡಿ.

ನಮ್ಮ ಮನೆಯಲ್ಲಿ ಈ ಹುಚ್ಚಿಗೆ ಬೆಲೆ ತೆತ್ತವಳು ಅವ್ವ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಒಮ್ಮೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಟಕಕ್ಕೆ ಹೋಗಿದ್ದ. ಝಗಝಗಿಸುವ ಪರದೆ, ಹಾರ್ಮೋನಿಯಂ, ರಾಣಿಯ ವೇಷದ ಹೆಂಗಸಿನ ಗಟ್ಟಿ ದನಿ! ರಾತ್ರಿ ಎರಡಕ್ಕೆ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಕೂತಿದ್ದಳು. “ನಾಟಕದವರ ಕೂಡ ಮಗಳನ್ನೂ ಕಳಸ್ತೀಯೇನು?” ಎಂದಳು. ಆಗ ಹಾಗೆಯೇ. ನಾಟಕ ಬೇಕು, ನಾಟಕದ ಹೆಣ್ಣು ಬೇಡ. ಅದೇ ಕಂಪನಿಯ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. 2010ರಲ್ಲಿ ಅವರು ತೀರಿಕೊಂಡಾಗ ಪೇಪರಿನ ಫೋಟೋ ಕತ್ತರಿಸಿ ಇಟ್ಟುಕೊಂಡವಳು ನಮ್ಮ ಅವ್ವನೇ. ಯಾಕವ್ವಾ ಎಂದರೆ ಉತ್ತರ ಕೊಡಲಿಲ್ಲ.

ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ಸಾಲ ಎಂದು ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಮುಂಬಯಿಯ ಗಿರಣಗಾಂವಿನ ಕತೆಯೂ ಇದೇ. ಅಲ್ಲಿ 1982ರ ಮುಷ್ಕರದ ಮುಂದೆ ಮಿಲ್ಲು ಹೋದವು, ಕೂಲಿಕಾರರ ತಮಾಷಾ, ಲಾವಣಿಗಳ ರಂಗು ಇಳಿಯಿತು. ಈಗ ಆ ಜಾಗದಲ್ಲಿ ಮಾಲುಗಳು, ಚಿತ್ರದ ಗ್ಯಾಲರಿಗಳು. ದಾವಣಗೆರೆಯಲ್ಲಿ ಮಿಲ್ಲಿನ ಹೆಸರು ಡಿ.ಸಿ.ಎಂ. ಟೌನ್‌ಶಿಪ್ ಎಂಬ ಬಡಾವಣೆಗೆ ಅಂಟಿಕೊಂಡು ಉಳಿದಿದೆ. ಅಪ್ಪನಿಗೆ ಬರಬೇಕಾದ ಬಾಕಿ ಬರಲೇ ಇಲ್ಲ. ಅವನು ಕಟ್ಟೆಯ ಮೇಲೆ ಕೂತು ನಾಟಕದ ಮಾತು ಒಪ್ಪಿಸುತ್ತಿದ್ದ. ಅವ್ವ ಭಟ್ಟಿಗೆ ಕೂಲಿಗೆ ಹೋದಳು.

ಭಟ್ಟಿಯ ಕೆಲಸ ನೋಡದವರಿಗೆ ಹೇಳುತ್ತೇನೆ. ಭತ್ತ ನೆನೆಸಿ, ಬೇಯಿಸಿ, ಅಂಗಳದಲ್ಲಿ ಹರವಿ ಒಣಗಿಸಬೇಕು. ಬಿಸಿಲಿಗೆ ಕಾಲಿನಿಂದ ಸಾಲು ಬಿಡುತ್ತ ಕೈಯಾಡಿಸುತ್ತಲೇ ಇರಬೇಕು. ಆಮೇಲೆ ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಒಂದೇ ಗಳಿಗೆಗೆ ಅರಳಿ ಬೆಳ್ಳಗಾಗುತ್ತದೆ. ಹುರಿಯುವವರ ಎದೆಗೆ ಹೊಗೆ, ಒಣಗಿಸುವವರ ಪಾದಕ್ಕೆ ಬಿರುಕು. ನನ್ನ ಬಿ.ಎ., ಬಿ.ಎಡ್. ಫೀಜು ಬಂದದ್ದು ಆ ಬಿರುಕುಪಾದಗಳಿಂದ. ಕಾಲೇಜಿನ ಗೆಳತಿಯರ ಜೊತೆ ಆ ದಾರಿಯಲ್ಲಿ ಹೋಗುವಾಗ ಒಂದು ದಿನ ಅವ್ವ ಅಂಗಳದಿಂದ ಕೈ ಬೀಸಿದಳು. ನಾನು ನೋಡದವಳ ಹಾಗೆ ಮುಂದೆ ಹೋದೆ. ಸಂಜೆ ಅವಳು ಆ ಮಾತೇ ಎತ್ತಲಿಲ್ಲ.

ಸೊಸೆ ಒಂದು ಭಟ್ಟಿಯ ಮುಂದೆ ಕಲ್ಲಿನ ಮೇಲೆ ಕೂತು ಪುಸ್ತಕ ಬಿಚ್ಚಿದಳು. ಭತ್ತ ಕೈಯಾಡಿಸುತ್ತಿದ್ದ ನಡುವಯಸ್ಸಿನ ಹೆಂಗಸು ನಕ್ಕು, “ಕಾಲೇಜಿನ ಹುಡುಗ್ರು ಬರ್ತಾನೇ ಇರ್ತಾರ, ಬರ್ಕೊಳ್ಳವ್ವಾ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀವೂ ಚಿತ್ರದವರೇನ್ರೀ?” ಎಂದು ಕೇಳಿದಳು.

“ಅಲ್ಲವ್ವಾ, ನಾನು ಇದೇ ಓಣಿಯಾಕಿ.”

“ಹೌದ? ಯಾರ ಮನಿಯವ್ರು?”

ಸೊಸೆ ಪೆನ್ಸಿಲ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಅವ್ವನ ಹೆಸರು ಹೇಳಿದೆ. ಎಲ್ಲಿ ಭತ್ತ ಹರವುತ್ತಿದ್ದಳೆಂದು ಕೈ ಮಾಡಿ ತೋರಿಸಿದೆ. ಆ ಹೆಂಗಸಿಗೆ ನೆನಪಾಗಲಿಲ್ಲ. “ನಮ್ಮ ಅತ್ತಿಗೆ ಗೊತ್ತಿದ್ರೂ ಗೊತ್ತಿರಬಹುದು, ಒಳಗ ಅದಾಳ. ಬರ್ರಿ” ಎಂದು ಕೈ ಝಾಡಿಸಿಕೊಂಡು ಮುಂದೆ ನಡೆದಳು.